ಕ್ಯಾಸೆಟ್ ಡಬ್ಬಿಯಲ್ಲಿ ಸಕ್ಕರೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪತ್ತೇದಾರಿ ಕಥೆ ಎಂದಮೇಲೆ ಒಂದು ಹೆಣವಾದರೂ ಬೀಳಬೇಕು. ಒಬ್ಬ ಇನ್ಸ್‌ಪೆಕ್ಟರಾದರೂ ಟೋಪಿ ತೆಗೆದು ತಲೆ ಕೆರೆದುಕೊಳ್ಳಬೇಕು. ಇದರಲ್ಲಿ ಎರಡೂ ಇಲ್ಲ. ಹೇಳುತ್ತಿರುವ ನಾನು ಶಿವರಂಜನಿ, ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಇಂಥದ್ದನ್ನು ಬರೆಯಲು ನನಗಿಂತ ಬಲ್ಲವರು ಇದ್ದಾರೆ. ಆದರೆ ಕಳುವಾದದ್ದು ನನ್ನ ವಶದಲ್ಲಿದ್ದ ವಸ್ತು. ಹುಡುಕಲು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಧೈರ್ಯ ಮಾಡಿದ್ದೇನೆ.

ಕಳ್ಳತನ ಮೊದಲು ಗೊತ್ತಾದದ್ದು ಇರುವೆಗಳಿಗೆ.

2008ರ ಬೇಸಿಗೆ. ಹಾಸನದ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗೌರೀಶಣ್ಣನ ವಿಡಿಯೋ ಅಂಗಡಿ. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಹಾಕಿಕೊಡುವುದು ಅಲ್ಲಿ ನನ್ನ ಕೆಲಸ. ಶುಕ್ರವಾರ ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದೆ. ಗೋಡೆಯ ಮೇಲೆ ಕೆಂಪಿರುವೆಗಳ ಸಾಲು. ಸಾಲು ನೆಟ್ಟಗೆ ಬೀರುವಿನ ಸಂದಿಗೆ ಹೋಗಿತ್ತು. ಬೀರು ತೆಗೆದೆ. ಅಷ್ಟು ಕ್ಯಾಸೆಟ್ ಡಬ್ಬಿಗಳಲ್ಲಿ ಒಂದಕ್ಕೇ ಇರುವೆ ಮುತ್ತಿದ್ದವು. ಅದರ ಮೇಲೆ 'ಚನ್ನಕೇಶವನ ಮದುವೆ, 1991' ಎಂದು ಬರೆದಿತ್ತು.

ಡಬ್ಬಿ ಬಿಚ್ಚಿದೆ. ಕ್ಯಾಸೆಟ್ ಇಲ್ಲ. ಅದರ ಜಾಗದಲ್ಲಿ ಒಂದು ಕಾಗದದ ಪೊಟ್ಟಣ. ಪೊಟ್ಟಣದೊಳಗೆ ಸಕ್ಕರೆ.

ಗೌರೀಶಣ್ಣ ಬಂದು ಇಣುಕಿ ನೋಡಿದ.

"ಅಲಲಲ! ಕಳ್ಳ ಸಕ್ಕರೆ ಮಡಗಿ ಓಗವ್ನಲ್ಲ ಶಿವು! ಒಸಿ ಕಾಫಿ ಪುಡೀನೂ ಮಡಗಿದ್ರೆ ಇಬ್ರೂ ಕುಡೀಬೋದಿತ್ತು."

"ಅಣ್ಣಾ, ತಮಾಷೆ ಮಾಡಬೇಡಿ. ಇದು ಗೋದಮ್ಮನವರ ಕ್ಯಾಸೆಟ್ಟು."

ಅವನ ನಗು ನಿಂತಿತು.

*

ಆ ಕ್ಯಾಸೆಟ್ಟನ್ನು ತಂದುಕೊಟ್ಟವರು ಹೊಳೆನರಸೀಪುರದ ಗೋದಮ್ಮ. ಜೊತೆಯಲ್ಲಿ ಮೊಮ್ಮಗಳು ಮೈತ್ರೇಯಿ ಬಂದಿದ್ದಳು. ಕ್ಯಾಸೆಟ್ಟಿನಲ್ಲಿದ್ದದ್ದು ಗೋದಮ್ಮನವರ ಮಗ ಚನ್ನಕೇಶವನ ಮದುವೆ. ಅವರಿಗೆ ಬೇಕಾದದ್ದು ಮದುವೆಯಲ್ಲ. ಅದರಲ್ಲಿ ತಮ್ಮನಿಗೆ ಆರತಿ ಎತ್ತುತ್ತಾ ಹಾಡಿದ ಅಕ್ಕ ಹಂಸ. ಗೋದಮ್ಮನವರ ಮಗಳು, ಮೈತ್ರೇಯಿಯ ತಾಯಿ. ಆ ಮದುವೆಯಾದ ಮರುವರ್ಷವೇ ಆಕೆ ಜ್ವರದಲ್ಲಿ ತೀರಿಕೊಂಡಿದ್ದರು.

"ಮುಂದಿನ ವಾರ ಇವಳ ಮದುವೆ ಕಣಮ್ಮ," ಎಂದಿದ್ದರು ಗೋದಮ್ಮ. "ಇವಳು ಹಸೆ ಮೇಲೆ ಕೂತಾಗ ಇವಳಮ್ಮನ ದನೀಲೇ ಆರತಿ ಆಗಬೇಕು."

ಮೈತ್ರೇಯಿ ಮೆಲ್ಲಗೆ ಹೇಳಿದ್ದಳು. "ಅಮ್ಮನ ಮುಖ ಫೋಟೋದಲ್ಲಿದೆ ಅಕ್ಕಾ. ದನಿ ಹೇಗಿತ್ತೋ ನೆನಪೇ ಇಲ್ಲ."

ಆಗಿನಿಂದ ನನಗೆ ಒಂದೇ ಆತಂಕ, ಕೆಲಸ ಕೆಡಬಾರದು. ಹಳೆಯ ಕ್ಯಾಸೆಟ್ಟನ್ನು ಪದೇ ಪದೇ ಓಡಿಸಬಾರದು. ಓಡಿದಷ್ಟೂ ರೀಲು ಸವೆಯುತ್ತದೆ. ಮಧ್ಯೆ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಬಾರದು, ನೇರವಾಗಿ ಕಂಪ್ಯೂಟರಿಗೇ ತೆಗೆದುಕೊಳ್ಳಬೇಕು. ಒಂದು ಡಿಸ್ಕಿಗೆ ಒಂದೇ ಗಂಟೆಯಷ್ಟು ಹಾಕಬೇಕು. "ನಾಕು ಗಂಟೆ ತುರುಕಿದ್ರೂ ಇಡಿಸ್ತದೆ ಕಣಮ್ಮ" ಎಂದು ಗೌರೀಶಣ್ಣ ಗೊಣಗುತ್ತಿದ್ದ. ತುರುಕಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ರೀಲು ಹೇಗಿದೆ ಎಂದು ಮೊದಲ ಐದು ನಿಮಿಷ ಮಾತ್ರ ಓಡಿಸಿ ನೋಡಿದ್ದೆ. ಹೆಸರುಗಳು ಬಂದವು, ಹಿಂದೆ ಯಾವುದೋ ಸಿನಿಮಾ ಹಾಡು. ಒಂದು ವಿಷಯ ಕಣ್ಣಿಗೆ ಬಿತ್ತು. ಗೋದಮ್ಮನವರ ಹಣೆಯ ಕುಂಕುಮ ಹಣೆಯಲ್ಲಿರಲಿಲ್ಲ. ಕೆಂಪು ಬಣ್ಣ ಕೆಳಗೆ ಜಾರಿ ಹುಬ್ಬಿನ ಮೇಲೆ ಕೂತಿತ್ತು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಿದಾಗಲೆಲ್ಲ ಬಣ್ಣ ಹೀಗೆ ಚೂರು ಕೆಳಗಿಳಿಯುತ್ತದೆ. ಅಂದರೆ ಇದು ನಕಲು. ಮದುವೆ ಮನೆಯಲ್ಲಿ ಕ್ಯಾಮೆರಾದೊಳಗೆ ಓಡಿದ ಅಸಲಿ ಕ್ಯಾಸೆಟ್ ಬೇರೆ ಇತ್ತು.

ಅಷ್ಟು ನೋಡಿ ಮುಚ್ಚಿಟ್ಟಿದ್ದೆ. ಈಗ ಮುಚ್ಚಿಟ್ಟದ್ದೇ ಇಲ್ಲ.

"ನೆನ್ನೆ ಯಾರ್ಯಾರು ಬಂದಿದ್ರು?" ಗೌರೀಶಣ್ಣ ಕೇಳಿದ.

ಆ ಮನೆಯ ಕಡೆಯವರು ಇಬ್ಬರು. ಬೆಳಿಗ್ಗೆ ಚನ್ನಕೇಶವ ಮೇಷ್ಟ್ರು, ಕ್ಯಾಸೆಟ್ಟಿನ ಮದುಮಗ. ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಪ್ರೇಮಕುಮಾರಿ ಎಂಬಾಕೆ, ಲಗ್ನಪತ್ರಿಕೆ ಕೊಡಲು. "ನಾನು ಮೈತ್ರೇಯಿ ಅಮ್ಮ" ಎಂದು, ತಕ್ಷಣ ನಾಲಿಗೆ ಕಚ್ಚಿಕೊಂಡು "ಅಂದ್ರೆ, ಚಿಕ್ಕಮ್ಮ" ಎಂದಿದ್ದರು. ಹಂಸ ತೀರಿಕೊಂಡ ಮೇಲೆ ಮೈತ್ರೇಯಿಯ ತಂದೆ ಮದುವೆಯಾದವರು. ಆಗ ಕರೆಂಟು ಹೋಯಿತು. ಸೆಕೆಗೆ ನಾವು ಹೊರಗೆ ಜಗುಲಿಗೆ ಬಂದೆವು. ಆಕೆ ಒಳಗೇ ಕೂತಿದ್ದರು.

"ಆವಮ್ಮ ದ್ಯಾವ್ರಂತೋರು, ಕುಂಕುಮ ಕೊಟ್ಟು ಕರದ್ರು," ಎಂದ ಗೌರೀಶಣ್ಣ. "ಮೇಷ್ಟ್ರುದೇ ಕೈವಾಡ ಕಣಮ್ಮ. ಅದೇನೋ ಕತ್ತರಿಸು ಅಂತ ನನ್ ಕಿವೀಲಿ ಗೋಗರೀತಿದ್ರು."

*

ಹೊಳೆನರಸೀಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಗೋದಮ್ಮನವರ ಸ್ಟೀಲ್ ಡಬ್ಬಿ ಇತ್ತು. ಮೊದಲ ಸಲ ಬಂದಾಗ ಅದರ ತುಂಬ ಕೋಡುಬಳೆ ತಂದುಕೊಟ್ಟಿದ್ದರು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿದೆ. ಬಾಗಿಲಲ್ಲಿ ನಿಂತಾಗ ಎಲ್ಲ ಮರೆತು "ಕ್ಯಾಸೆಟ್ ಕಳುವಾಯ್ತಮ್ಮ" ಎಂದುಬಿಟ್ಟೆ.

ಗೋದಮ್ಮ ಕೂಗಾಡಲಿಲ್ಲ. ಹೊಸ್ತಿಲ ಮೇಲೆ ಕೂತರು. ಅದು ಕೂಗಾಟಕ್ಕಿಂತ ಕಷ್ಟವಾಯಿತು. ಚನ್ನಕೇಶವ ಮೇಷ್ಟ್ರು ಒಳಗಿನಿಂದ ಬಂದರು.

"ಮೇಷ್ಟ್ರೇ, ನೆನ್ನೆ ನೀವು ಏನು ಕತ್ತರಿಸಿ ಅಂದ್ರಿ?"

ಮೇಷ್ಟ್ರ ಕಿವಿ ಕೆಂಪಾಯಿತು. "ಅದು... ಕಾಶೀಯಾತ್ರೆ ಭಾಗ."

"ಯಾಕೆ?"

"ಬಿಡಮ್ಮ, ಹಳೇದು."

ಗೋದಮ್ಮನೇ ಹೇಳಿದರು. "ಮಾವನವರು ರಿಪೇರಿ ಮಾಡಿಸಿದ ಛತ್ರಿ ಕೊಟ್ರು ಅಂತ ಮುನಿಸಿಕೊಂಡು ಇವನು ನಿಜವಾಗಿಯೂ ನಡೆದುಬಿಟ್ಟ. ಬಸ್ ಸ್ಟ್ಯಾಂಡಿಗೆ ಹೋಗಿ ಮೈಸೂರು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದ, ಬಾಸಿಂಗ ಕಟ್ಟಿಕೊಂಡು! ವಿಡಿಯೋದವನು ಹಿಂದೇನೇ ಓಡಿ ಅದನ್ನೂ ತೆಗೆದಿದಾನೆ."

"ನನ್ನ ಶಿಷ್ಯರೆಲ್ಲ ಮದುವೆಗೆ ಬರ್ತಾರೆ ಕಣಮ್ಮ," ಮೇಷ್ಟ್ರು ಅಂಗಲಾಚಿದರು. "ಅವತ್ತು ಅಲ್ಲಿ ಅದನ್ನ ಹಾಕಿಬಿಟ್ರೆ? ಅದಕ್ಕೇ ಕತ್ತರಿಸಿ ಅಂದೆ. ಆದರೆ ಕದಿಯೋದಾ? ನನ್ನ ಅಕ್ಕ ಇದಾಳೆ ಅದರಲ್ಲಿ."

"ಇವನಾ ಕದಿಯೋನು?" ಎಂದರು ಗೋದಮ್ಮ. "ಕಾಶಿಗೇ ಪೂರ್ತಿ ಹೋಗಲಾರದೋನು."

ಮೇಷ್ಟ್ರ ಮಾತು ನಿಜವೆನ್ನಿಸಿತು. ಆದರೆ ನನಗೆ ಅನ್ನಿಸುವುದೆಲ್ಲ ನಿಜವಾಗುವುದಿಲ್ಲ. ಏನೂ ತೋಚದೆ ಚೀಲದಿಂದ ಡಬ್ಬಿ ತೆಗೆದು ಗೋದಮ್ಮನವರ ಕೈಗೆ ಕೊಟ್ಟೆ. ಅವರು ಮುಚ್ಚಳ ತೆಗೆದರು. ತಳದಲ್ಲಿ ಒಂದು ಚಮಚದಷ್ಟು ಸಕ್ಕರೆ.

"ಅಯ್ಯೋ, ಇದೆಲ್ಲ ಯಾಕಮ್ಮ?"

"ಖಾಲಿ ಡಬ್ಬಿ ಹೇಗೆ ಕೊಡೋದು ಗೋದಮ್ಮ..."

ಮಾತು ಅರ್ಧಕ್ಕೆ ನಿಂತಿತು. ಹೊರಡುವ ಗಡಿಬಿಡಿಯಲ್ಲಿ ಯೋಚಿಸದೆ ಹಾಕಿದ ಸಕ್ಕರೆ ಅದು. ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂದು ಅಮ್ಮ ಕಲಿಸಿದ್ದು. ಕೈ ತಾನಾಗಿ ಹಾಕಿತ್ತು. ಕ್ಯಾಸೆಟ್ ಕದ್ದ ಕೈಯೂ ಹಾಗೇ ಹಾಕಿತ್ತು.

"ಮೇಷ್ಟ್ರೇ, ನಿಮ್ಮನೆ ಡಬ್ಬಿ ನಿಮ್ಮಮ್ಮನಿಗೆ ಕೊಡುವಾಗ ನೀವು ಸಕ್ಕರೆ ಹಾಕ್ತೀರಾ?"

"ನಮ್ಮನೆ ಡಬ್ಬಿಗೆ ನಾನ್ಯಾಕೆ ಹಾಕಲಿ? ತಲೆ ಕೆಟ್ಟಿದೆಯಾ?"

ಹಾಗಾದರೆ ಇವರಲ್ಲ. ಮೈತ್ರೇಯಿಯೂ ಅಲ್ಲ. ಗೋದಮ್ಮನವರ ಮನೆ ಯಾರಿಗೆ ಬೇರೆ ಮನೆಯೋ, ಆದರೂ ಆ ಮನೆಯ ಡಬ್ಬಿಯನ್ನು ಬರಿದು ಮಾಡಲು ಯಾರ ಮನಸ್ಸು ಒಪ್ಪಲಿಲ್ಲವೋ, ಅವರು.

"ಗೋದಮ್ಮ, ಈ ಕ್ಯಾಸೆಟ್ ಮೊದಲಿಂದ ನಿಮ್ಮ ಹತ್ತಿರವೇ ಇತ್ತಾ?"

"ಇಲ್ಲ ಕಣೇ. ಹಂಸ ಹೋದಮೇಲೆ ಅಳಿಯಂದಿರ ಹತ್ತಿರ ಚನ್ನರಾಯಪಟ್ಟಣದಲ್ಲಿತ್ತು. ಆ ಪ್ರೇಮಕುಮಾರಿ ಬಂದಳಲ್ಲ, ವರ್ಷ ತುಂಬೋದ್ರೊಳಗೆ ವಾಪಸ್ಸು ಕಳಿಸಿದಳು. ಸವತಿ ಮುಖ ಮನೇಲಿರೋದು ಬೇಡವಾಗಿತ್ತು ಅವಳಿಗೆ. ಅವತ್ತಿಂದ ನಾನು ಆ ಮನೆ ಹೊಸ್ತಿಲು ತುಳಿದಿಲ್ಲ. ನನಗೂ ನೋಡೋ ಧೈರ್ಯ ಬರಲಿಲ್ಲ, ಪೆಟ್ಟಿಗೇಲಿಟ್ಟೆ."

ಹೆಸರು ಬಾಯಿ ತುದಿಗೆ ಬಂದಿತ್ತು. ಹೇಳಲಿಲ್ಲ. ಒಂದು ಚಮಚ ಸಕ್ಕರೆ ನಂಬಿ ಒಬ್ಬ ಹೆಂಗಸನ್ನು ಕಳ್ಳಿ ಎನ್ನಲಾದೀತೇ?

*

ಸವತಿ ಮತ್ಸರದಿಂದ ಕದ್ದಿದ್ದರೆ ಕ್ಯಾಸೆಟ್ ಈಗ ಒಲೆಯಲ್ಲಿರುತ್ತದೆ. ಕಳ್ಳರನ್ನು ಹಿಡಿದು ಪ್ರಯೋಜನವಿಲ್ಲ. ಮದುವೆ ಹತ್ತಿರ ಬಂದಿತ್ತು. ಮೊದಲು ಬೇಕಾದದ್ದು ಹಂಸಳ ದನಿ. ಅಸಲಿ ಕ್ಯಾಸೆಟ್ ಎಲ್ಲಾದರೂ ಉಳಿದಿದ್ದರೆ?

ಕಳುವಾದ ಕ್ಯಾಸೆಟ್ಟಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಅರಕಲಗೂಡಿನ ಲಕ್ಕಯ್ಯನ ಹೆಸರಿತ್ತು. ಶನಿವಾರ ಅಲ್ಲಿಗೆ ಹೋದೆ. ಲಕ್ಕಯ್ಯ ಈಗ ವಿಡಿಯೋ ಬಿಟ್ಟು ಬಸ್ ನಿಲ್ದಾಣದ ಬಳಿ ಮೊಬೈಲ್ ಅಂಗಡಿ ಇಟ್ಟಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಬನ್ನಿ ಕಣವ್ವ. ಎಷ್ಟಕ್ಕೆ ಕರೆನ್ಸಿ ಆಕ್ಲಿ?"

ಬಂದ ಕಾರಣ ಹೇಳಿದೆ. ಅವರು ಕೈಲಿದ್ದ ಮೊಬೈಲು ಕೆಳಗಿಟ್ಟರು.

"ಇದೇನವ್ವಾ! ಅದ್ನೇಳು ವರ್ಸ ಯಾರೂ ಕೇಳ್ನಿಲ್ಲ, ಈಗ ದಿನಕ್ಕೊಬ್ರು ಬತ್ತಾವ್ರೆ. ನೆನ್ನೆ ಒಬ್ಬಮ್ಮ ಬಂದಿದ್ರು."

"ಯಾರು?"

"ಎಸ್ರು ಏಳ್ನಿಲ್ಲ. ನಿಮ್ಮಂಗೇ ಎದರ್ಕಂಡು ನಿಂತಿದ್ರು. ಅಳೇ ಕ್ಯಾಸೆಟ್ಟು ತೋರ್ಸಿ, ಇದ್ಕೆ ಸಿನಿಮಾ ಆಡು ಆಕೋಕ್ಮುಂಚೆ ಇದ್ದಿದ್ದು ಐತಾ ಅಂದ್ರು."

"ಸಿನಿಮಾ ಹಾಡು ಶುರುವಿನಲ್ಲಿ ಮಾತ್ರ ಅಲ್ಲವಾ?"

"ಎಲ್ಲಿ ಬಂತು! ಆಗ ಅದೇ ಪ್ಯಾಸನ್ನು ಕಣವ್ವ. ಸುರುವಿಂದ ಕೊನೆಗಂಟ ಆಡು ಆಕ್ಬೇಕು. ಮದ್ವೆ ಮನೆ ಗಲಾಟೆ ಯಾರಿಗೆ ಬೇಕು ಅನ್ನೋರು. ಎಲ್ಲಾರ ಮಾತೂ ಅಳ್ಸಿ ಆಡು ತುಂಬ್ಬುಡ್ತಿದ್ದೆ. ಆರತಿಗೊಂದು, ಊಟಕ್ಕೊಂದು."

ಗೋದಮ್ಮ ಪೆಟ್ಟಿಗೆಯಲ್ಲಿಟ್ಟು ಕಾದ ಕ್ಯಾಸೆಟ್ಟಿನಲ್ಲಿ ಹಂಸಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ದನಿ ಇರಲೇ ಇಲ್ಲ. ಅದನ್ನು ಡಿಸ್ಕಿಗೆ ಹಾಕಿ, ಆ ಹುಡುಗಿಯ ಮುಂದೆ ಓಡಿಸಿದ್ದರೆ?

"ಅಸಲಿ ಇತ್ತಾ?"

ಲಕ್ಕಯ್ಯ ಸ್ಟೂಲನ್ನು ನನ್ನತ್ತ ಸರಿಸಿದರು. "ಕ್ಯಾಮೆರಾ ಕ್ಯಾಸೆಟ್ಟು ನಾವು ಯಾವತ್ತೂ ಮಡೀಕತಾ ಇರ್ನಿಲ್ಲ. ಅದ್ರ ಮ್ಯಾಲೇ ಇನ್ನೊಂದು ಮದ್ವೆ ತೆಗೀತಿದ್ವಿ. ಇದ್ನೂ ಅಂಗೇ ಮಾಡೋನಿದ್ದೆ. ಅಷ್ಟ್ರಲ್ಲಿ ಆಡು ಏಳಿದ್ದವ್ವ ಓಗ್ಬುಟ್ರು ಅಂತ ಸುದ್ದಿ ಬಂತು. ಸತ್ತೋರ ದನಿ ಮ್ಯಾಲೆ ಇನ್ನೊಬ್ರ ಮದ್ವೆ ತುಂಬೋಕೆ ಕೈ ಬರ್ನಿಲ್ಲ ಕಣವ್ವ. ಅಟ್ಟಕ್ಕೆ ಎಸೆದಿದ್ದೆ. ನೆನ್ನೆ ಆವಮ್ಮನೇ ಅಟ್ಟ ಅತ್ತಿ ಉಡುಕಿದ್ರು. ಸೀರೆ ಎಲ್ಲಾ ಜೇಡ್ರಬಲೆ."

*

ಭಾನುವಾರ ಚನ್ನರಾಯಪಟ್ಟಣ. ಮೈತ್ರೇಯಿ ತಂದೆಯ ಜೊತೆ ನೆಂಟರನ್ನು ಕರೆಯಲು ಹೋಗಿದ್ದಳು. ಪ್ರೇಮಕುಮಾರಿ ಬಾಗಿಲು ತೆಗೆದವರು ನನ್ನ ಮುಖ ನೋಡಿದರು. ಒಳಗೆ ಹೋಗಿ ತೊಳೆದ ಪಂಚೆಯಲ್ಲಿ ಸುತ್ತಿದ್ದ ಎರಡು ಕ್ಯಾಸೆಟ್ಟು ತಂದು ನನ್ನ ಮುಂದಿಟ್ಟರು.

"ಸಕ್ಕರೇನ ಮನೆಯಿಂದಲೇ ತಂದಿದ್ರಾ?" ಅದೇ ನನ್ನ ಮೊದಲ ಪ್ರಶ್ನೆಯಾದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಹ್ಞೂಂ. ಹೊರಡುವಾಗಲೇ ಪೊಟ್ಟಣ ಕಟ್ಟಿಕೊಂಡೆ. ಕದಿಯೋದಂತೂ ಕದೀತೀನಿ, ಹಂಸಕ್ಕನ ತವರಿನ ಡಬ್ಬಿ ಬರಿದು ಮಾಡಬಾರದು ಅನ್ನಿಸ್ತು."

ಆಮೇಲೆ ತಾವೇ ಹೇಳಿದರು.

"ನಾನು ಈ ಮನೆಗೆ ಬಂದಾಗ ಮೈತ್ರೇಯಿಗೆ ಏಳು ವರ್ಷ. ಜಡೆ ಹಾಕೋಕೆ ಬಿಡ್ತಿರಲಿಲ್ಲ. 'ಅಮ್ಮ ಹೀಗೆ ಹಾಕ್ತಿರಲಿಲ್ಲ' ಅನ್ನೋಳು. ಹೇಗೆ ಹಾಕ್ತಿದ್ರು ಅಂತ ನಾನು ಯಾರನ್ನ ಕೇಳಲಿ? ಮಧ್ಯಾಹ್ನದ ಹೊತ್ತು ವಿಸಿಪಿ ಬಾಡಿಗೆಗೆ ತರಿಸಿ ಈ ಕ್ಯಾಸೆಟ್ ನೋಡಿದೆ. ಅದರಲ್ಲಿ ಮಗು ಜಡೆ ಕಾಣುತ್ತೆ. ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತೆ. ಹಂಸಕ್ಕ ಅವಳಿಗೆ ತುತ್ತು ಹೇಗೆ ಕೊಡ್ತಾರೆ, ಹೇಗೆ ಎತ್ತಿಕೋತಾರೆ, ಎಲ್ಲ ಅದರಲ್ಲೇ ಕಲಿತದ್ದು. ಬರ್ತಾ ಬರ್ತಾ ಪರದೆ ಮೇಲೆ ಬಿಳೀ ಗೆರೆ ಬರೋಕೆ ಶುರುವಾಯ್ತು. ನೋಡಿ ನೋಡಿ ನಾನೇ ಅವರನ್ನ ಸವೆಸ್ತಿದೀನಿ ಅನ್ನಿಸ್ತು. ಹೆದರಿ ಗೋದಮ್ಮನವರಿಗೆ ಕಳಿಸಿಬಿಟ್ಟೆ."

"ದನಿ ಇಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

"ಯಾರಿಗೆ? ನಾನು ಹೇಳಿದ್ರೆ ಚಿಕ್ಕಮ್ಮನ ಹೊಟ್ಟೆಕಿಚ್ಚು ಅಂತಾರೆ. ನೀವು ಶುಕ್ರವಾರ ಅದನ್ನ ಓಡಿಸ್ತೀರಿ ಅಂತ ಮೈತ್ರೇಯಿ ಕುಣೀತಿದ್ಲು. ಅಸಲಿ ಸಿಗೋವರೆಗೆ ತಡೆದರೆ ಸಾಕು ಅಂತ ತಗೊಂಡುಬಿಟ್ಟೆ. ತಪ್ಪೇ. ದಯವಿಟ್ಟು ಗೋದಮ್ಮನವರಿಗೆ ಹೇಳಬೇಡಿ."

ಅಸಲಿ ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದೆ. ರೀಲಿನ ಅಂಚಿಗೆಲ್ಲ ಬಿಳಿ ಬೂಷ್ಟು. ಓಡುತ್ತದೆಯೋ ಇಲ್ಲವೋ ಮಾತು ಕೊಡಲಾರೆ ಎಂದೆ. ಹೇಳುವುದಿಲ್ಲ ಎಂಬ ಮಾತನ್ನೂ ಕೊಡಲಿಲ್ಲ. ಸುಳ್ಳು ಹೇಳಿದರೆ ನನ್ನ ಮುಖವೇ ಹೇಳಿಬಿಡುತ್ತದೆ.

*

ಸೋಮವಾರ ಇಡೀ ದಿನ ಆ ರೀಲಿನ ಜೊತೆ ಕಳೆದೆ. ಕವಚ ಬಿಚ್ಚಿದೆ. ಒಣ ಮೆತ್ತನೆಯ ಬಟ್ಟೆಯ ನಡುವೆ ಹಾಯಿಸುತ್ತಾ ರೀಲನ್ನು ಕೈಯಲ್ಲೇ ಸುತ್ತಿದೆ. ಹೊಸ ಕವಚಕ್ಕೆ ಕೂರಿಸಿದೆ. ಸದಾ ಏನಾದರೂ ಹಾಡು ಗುನುಗುವ ಗೌರೀಶಣ್ಣ ಅದನ್ನೂ ನಿಲ್ಲಿಸಿ ವಿಸಿಆರ್‌ನ ರೀಲು ಓದುವ ಹೆಡ್ ಒರೆಸಿಕೊಟ್ಟ. ಕರೆಂಟು ಹೋಗದಿರಲಿ ಎಂದು ದೇವರ ಫೋಟೋಕ್ಕೆ ಕೈಮುಗಿದು ಬಟನ್ ಒತ್ತಿದೆ. ಒಂದೇ ಸಲ ಓಡಿಸುವುದು. ತಪ್ಪಿದರೆ ಇಲ್ಲ.

ಓಡಿತು.

ಮಂಗಳವಾರ ಎಲ್ಲರನ್ನೂ ಅಂಗಡಿಗೆ ಕರೆದೆ. ಗೋದಮ್ಮ, ಮೇಷ್ಟ್ರು, ಮೈತ್ರೇಯಿ ಮುಂದಿನ ಬೆಂಚಿನಲ್ಲಿ. ಪ್ರೇಮಕುಮಾರಿ ಹಿಂದೆ, ಬಾಗಿಲ ಬಳಿ ನಿಂತೇ ಇದ್ದರು. ಡಿಸ್ಕ್ ಹಾಕಿದೆ.

ಮೇಷ್ಟ್ರು ಬಾಸಿಂಗ ಕಟ್ಟಿಕೊಂಡು ಬಸ್ಸಿನ ಕಿಟಕಿಯಲ್ಲಿ ಕಂಡರು. ಕಂಡಕ್ಟರು "ಎಲ್ಲಿಗೆ ಸಾ, ಕಾಶಿಗಾ?" ಎನ್ನುವುದು ಚೆನ್ನಾಗಿ ಕೇಳಿಸಿತು. ಗೌರೀಶಣ್ಣ ಬಾಯಿ ಮುಚ್ಚಿಕೊಂಡು ಹೊರಗೋಡಿದ. ಆಮೇಲೆ ಆರತಿ ತಟ್ಟೆ ಹಿಡಿದ ಹಂಸ. ಹಸಿರು ಸೀರೆ. ಒಮ್ಮೆ ಗಂಟಲು ಸರಿಮಾಡಿಕೊಂಡರು. ಹಾಡಿದರು.

ಅಂಥ ಸಂಗೀತಗಾರ್ತಿಯೇನೂ ಅಲ್ಲ. ಎರಡನೇ ನುಡಿಯಲ್ಲಿ ಶ್ರುತಿ ತಪ್ಪಿ ತಾವೇ ನಕ್ಕರು. ಮೈತ್ರೇಯಿ ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದಿದ್ದಳು.

ಹಾಡು ಮುಗಿದ ಮೇಲೆ ಗೋದಮ್ಮ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ಇದು ನನ್ನ ಕ್ಯಾಸೆಟ್ಟಲ್ಲ."

"ಅಮ್ಮಾ..."

"ಆಗ ಒಂದು ಸಲ, ಕರೆಂಟು ಹೋಗೋವರೆಗೆ, ಶುರುವಿಂದು ಮಾತ್ರ ನೋಡಿದ್ದೆ ಕಣೇ. ನನ್ನ ಕುಂಕುಮ ಹುಬ್ಬಿನ ಮೇಲೆ ಬಂದಿತ್ತು ಅಂತ ಇವಳಪ್ಪ ಚುಡಾಯಿಸಿದ್ದರು. ಇದರಲ್ಲಿ ಹಣೇಲೇ ಇದೆ. ಇದನ್ನ ತಂದುಕೊಟ್ಟೋರು ಯಾರು?"

ನಾನು ಹೇಳಲೇಬೇಕಾಯಿತು. ಕುಂಕುಮ ಜಾರಿದ್ದರಿಂದ ಅದು ನಕಲೆಂದು ತಿಳಿದದ್ದು. ನಕಲಿನಲ್ಲಿ ದನಿ ಇರಲಿಲ್ಲವೆಂದು ಲಕ್ಕಯ್ಯ ಹೇಳಿದ್ದು. ದನಿ ಇಲ್ಲವೆಂಬುದು ಗೊತ್ತಿರಬೇಕಾದರೆ ಅದನ್ನು ಪೂರ್ತಿ ನೋಡಿರಬೇಕು. ಗೋದಮ್ಮನವರ ಮನೆಯಲ್ಲಿ ಅದು ಪೆಟ್ಟಿಗೆಯಿಂದ ಹೊರಗೆ ಬಂದಿಲ್ಲ. ನೋಡಲು ಸಾಧ್ಯವಿದ್ದದ್ದು ಚನ್ನರಾಯಪಟ್ಟಣದ ಮನೆಯಲ್ಲಿ ಮಾತ್ರ. ಗುರುವಾರ ಕರೆಂಟು ಹೋದಾಗ ಒಳಗೆ ಉಳಿದವರು ಒಬ್ಬರೇ. ಕೊನೆಯದು ಸಕ್ಕರೆ. ಮನೆಯವರಾಗಿದ್ದರೆ ಹಾಕುತ್ತಿರಲಿಲ್ಲ. ಶತ್ರುವಾಗಿದ್ದರೂ ಹಾಕುತ್ತಿರಲಿಲ್ಲ.

ಜಡೆಯ ವಿಷಯವನ್ನೂ ಹೇಳಿದೆ. ಮೈತ್ರೇಯಿಯ ಕೈ ತನ್ನ ಜಡೆಗೆ ಹೋಯಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು.

ಪ್ರೇಮಕುಮಾರಿ ತಲೆ ತಗ್ಗಿಸಿ ನಿಂತಿದ್ದರು. "ತಪ್ಪಾಯ್ತು ಗೋದಮ್ಮನವರೇ."

ಗೋದಮ್ಮ ಎದ್ದರು. ಮೇಜಿನ ಮೇಲಿದ್ದ ಹಳೆಯ ಡಬ್ಬಿ ತೆಗೆದುಕೊಂಡು, ಅದರೊಳಗೆ ಅಸಲಿ ಕ್ಯಾಸೆಟ್ಟನ್ನಿಟ್ಟು ಮುಚ್ಚಿ, ನಿಧಾನವಾಗಿ ಬಾಗಿಲ ತನಕ ನಡೆದು ಆಕೆಯ ಕೈಗೆ ಕೊಟ್ಟರು.

"ಇದು ನಿನ್ನ ಹತ್ತಿರ ಇರಲಿ. ಆದರೆ ಇನ್ನೊಂದು ಸಲ ನಮ್ಮನೆ ಡಬ್ಬಿಗೆ ಸಕ್ಕರೆ ಹಾಕಿದರೆ ನೋಡು! ಅದು ಹೊರಗಿನವರು ಹಾಕೋದು. ನೀನು ಖಾಲೀನೇ ತಂದುಕೊಡು."

*

ಮದುವೆಯಲ್ಲಿ ಹಂಸಳ ದನಿಯಲ್ಲೇ ಆರತಿಯಾಯಿತು. ಶ್ರುತಿ ತಪ್ಪುವ ಜಾಗವನ್ನು ಕತ್ತರಿಸಬೇಡಿ ಎಂದು ಮೈತ್ರೇಯಿ ಹೇಳಿದ್ದಳು. ತಟ್ಟೆ ಹಿಡಿದು ಆರತಿ ಎತ್ತಿದವರು ಪ್ರೇಮಕುಮಾರಿ.

ಇಲ್ಲಿಗೆ ಮುಗಿಸಬಹುದು. ಆದರೆ ಒಂದು ನನಗೆ ಬಗೆಹರಿದಿಲ್ಲ, ಅದನ್ನು ಮುಚ್ಚಿಡಬಾರದು. ಹಾಡು ಕೊನೆಯ ನುಡಿಗೆ ಬಂದ ಮೇಲೆ ಐದು ವರ್ಷದ ಮೈತ್ರೇಯಿ ಬಂದು ತಾಯಿಯ ಸೆರಗು ಎಳೆಯುತ್ತಾಳೆ. ಹಂಸ ಬಗ್ಗಿ ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಾರೆ. ಮಗು ಕಿಲಕಿಲ ನಗುತ್ತದೆ. ಸರಿಯಾಗಿ ಆ ಗಳಿಗೆಗೆ ಯಾರೋ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿ, ಡೋಲು ಓಲಗ ಒಟ್ಟಿಗೆ ಮೊಳಗುತ್ತವೆ. ಮಾತು ಕೇಳಿಸುವುದಿಲ್ಲ. ಕಂಪ್ಯೂಟರಿನಲ್ಲಿ ನನಗೆ ತಿಳಿದದ್ದೆಲ್ಲ ಮಾಡಿ ನೋಡಿದೆ. ಆಗಲಿಲ್ಲ. 'ಸೀರೆ ಎಳೀಬೇಡ' ಅಂದಿರುತ್ತಾಳೆ ಎನ್ನುತ್ತಾರೆ ಗೋದಮ್ಮ. ಮೈತ್ರೇಯಿಗೆ ನೆನಪಿಲ್ಲ. ದನಿಯಿಲ್ಲದ ಆ ತುಟಿಗಳನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡಿದ ಪ್ರೇಮಕುಮಾರಿಯನ್ನೂ ಕೇಳಿದೆ. ಅವರು ನಕ್ಕರು, ಅಷ್ಟೇ. ಅವರಿಗೆ ಗೊತ್ತಿದೆಯೋ ಏನೋ, ಅದೂ ನನಗೆ ಗೊತ್ತಿಲ್ಲ.